ಛಾಯಾಚಿತ್ರ ಪ್ರಶ್ನೋತ್ತರ: ‘ಚೆನ್ನಾಗಿದೆ’ ಎಂದ ಮೇಲೆ ಹೇಳಬೇಕಾದ ಮಾತು

ಈ ತಿಂಗಳು ಬಂದ ಪತ್ರಗಳಲ್ಲಿ ಕ್ಯಾಮೆರಾ, ಲೆನ್ಸ್‌ಗಳ ಕುರಿತ ಪ್ರಶ್ನೆಗಳಿಗಿಂತ, ಗೆಳೆಯರು ಪರಸ್ಪರರ ಚಿತ್ರಗಳ ಬಗ್ಗೆ ಹೇಗೆ ಮಾತನಾಡಿಕೊಳ್ಳಬೇಕು ಎಂಬ ಪ್ರಶ್ನೆಗಳೇ ಹೆಚ್ಚಾಗಿದ್ದವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಡೊಂಬಿವಲಿ, ಕಲ್ಯಾಣ ಕಡೆಯ ಏಳೆಂಟು ಕನ್ನಡಿಗ ಗೆಳೆಯರು ನಾವು ಭಾನುವಾರಗಳಂದು ಕ್ಯಾಮೆರಾ ಹಿಡಿದು ಹೊರಡುತ್ತೇವೆ. ಸಂಜೆ ಎಲ್ಲರೂ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಹಾಕುತ್ತೇವೆ. ಯಾವ ಚಿತ್ರಕ್ಕಾದರೂ ‘ಸೂಪರ್’, ‘ಮಸ್ತ್’ ಎಂಬ ಉತ್ತರಗಳೇ ಬರುತ್ತವೆ. ಕಳೆದ ಬಾರಿ ಗೆಳೆಯರೊಬ್ಬರು, ಮರೀನ್ ಡ್ರೈವ್‌ನ ಕಟ್ಟೆಯ ಮೇಲೆ ಸಮುದ್ರದ ಕಡೆಗೆ ಮುಖ ಮಾಡಿ ಕುಳಿತ ವೃದ್ಧ ದಂಪತಿಗಳ ಚಿತ್ರ ಹಾಕಿದ್ದರು. ‘ದಿಗಂತ ವಾಲಿದೆ, ಅಷ್ಟೂ ಗಮನ ಬೇಡವೇ?’ ಎಂದು ಬರೆದೆ. ಅಂದಿನಿಂದ ಅವರು ಗುಂಪಿನಲ್ಲಿ ಚಿತ್ರ ಹಾಕುವುದನ್ನೇ ನಿಲ್ಲಿಸಿದ್ದಾರೆ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?
— ಡೊಂಬಿವಲಿಯ ಓದುಗರು

ಉತ್ತರ: ದಿಗಂತ ವಾಲಿತ್ತೆಂಬುದು ನಿಜವೇ ಇರಬಹುದು. ಆದರೆ ನೀವು ಬರೆದ ಒಂದು ಸಾಲಿನಲ್ಲಿ ಎರಡು ಮಾತುಗಳಿವೆ. ಮೊದಲನೆಯದು ಚಿತ್ರದ ಬಗ್ಗೆ, ಎರಡನೆಯದು ಅದನ್ನು ತೆಗೆದವರ ಬಗ್ಗೆ. ಮೊದಲನೆಯದನ್ನು ಓದಿ ಅವರು ಅರೆನಿಮಿಷದಲ್ಲಿ ಚಿತ್ರವನ್ನು ನೇರ ಮಾಡಿಕೊಳ್ಳಬಹುದಿತ್ತು. ಎರಡನೆಯದಕ್ಕೆ, ಗುಂಪಿನ ಎಲ್ಲರೆದುರು ಸುಮ್ಮನಾಗುವುದನ್ನು ಬಿಟ್ಟು, ಅವರು ಮಾಡಬಹುದಾದದ್ದು ಏನೂ ಇರಲಿಲ್ಲ.

ಗೆಳೆಯರ ಚಿತ್ರಗಳ ಬಗ್ಗೆ ಮಾತನಾಡುವಾಗ ತೀರ್ಪು ಹೇಳುವುದಕ್ಕಿಂತ ಮೊದಲು ನೋಡಿದ್ದನ್ನು ಹೇಳಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಚಿತ್ರ ತೆಗೆದವರಿಗೆ ಆ ಸಂಜೆಯ ಗಾಳಿ, ಅಲೆಗಳ ಸದ್ದು, ಆ ಇಬ್ಬರು ಎಷ್ಟು ಹೊತ್ತಿನಿಂದ ಮಾತಿಲ್ಲದೆ ಕುಳಿತಿದ್ದರು ಎಂಬುದೆಲ್ಲ ನೆನಪಿರುತ್ತದೆ, ಮತ್ತು ಆ ನೆನಪೆಲ್ಲವೂ ಚಿತ್ರದೊಳಗೇ ಇದೆಯೆಂದು ಅವರಿಗೆ ಅನಿಸುತ್ತದೆ. ಅದರಲ್ಲಿ ಚೌಕಟ್ಟಿನೊಳಗೆ ಉಳಿದಿರುವುದೆಷ್ಟು ಎಂಬುದನ್ನು ಅಲ್ಲಿ ಇಲ್ಲದಿದ್ದವರು ಮಾತ್ರ ಹೇಳಬಲ್ಲರು. ನೀವು ಕೊಡಬಹುದಾದ ಬೆಲೆಯುಳ್ಳ ವಸ್ತು ಅದೇ.

ಉದಾಹರಣೆಗೆ, ಅಂತಹ ಚಿತ್ರದ ಬಗ್ಗೆ ಹೀಗೆ ಬರೆಯಬಹುದಿತ್ತು: ‘ನನ್ನ ಕಣ್ಣು ಮೊದಲು ಹೋದದ್ದು ಅವರಿಬ್ಬರ ನಡುವೆ ಇಟ್ಟಿರುವ ಚೀಲದ ಮೇಲೆ. ಇಬ್ಬರೂ ಅದರ ಮೇಲೆ ಒಂದೊಂದು ಕೈ ಇಟ್ಟಿರುವುದು ಬಹಳ ಹಿಡಿಸಿತು. ಆಮೇಲೆ ಸಮುದ್ರದ ಗೆರೆ ಬಲಕ್ಕೆ ಇಳಿದಿರುವುದರಿಂದ ಕಣ್ಣು ಅವರನ್ನು ಬಿಟ್ಟು ಬಲಗಡೆಗೆ ಜಾರಿತು. ಅದು ಬೇಕೆಂದೇ ಇಟ್ಟ ಓರೆಯೇ?’ ಇದರಲ್ಲಿ ಹೊಗಳಿಕೆ ಇದೆ, ಆದರೆ ಅದು ‘ಸೂಪರ್’ ಎಂಬಂತಹ ಬರಿದಾದ ಹೊಗಳಿಕೆಯಲ್ಲ. ಮುಂದಿನ ಸಲ ಅವರು ಕೈಗಳನ್ನು ಗಮನಿಸುತ್ತಾರೆ. ದೋಷವೂ ಇದೆ, ಅದರ ಪರಿಣಾಮದೊಂದಿಗೆ. ಕೊನೆಯ ಪ್ರಶ್ನೆ ಮರ್ಯಾದೆಗಾಗಿ ಕೇಳಿದ್ದಲ್ಲ. ಓರೆಯಾದ ಚೌಕಟ್ಟನ್ನು ಉದ್ದೇಶಪೂರ್ವಕವಾಗಿ ಬಳಸುವವರು ಇದ್ದೇ ಇದ್ದಾರೆ, ಆದ್ದರಿಂದ ಕೇಳದೆ ಅದನ್ನು ತಪ್ಪೆಂದು ಹೇಳಲಾಗದು.

ಸಲಹೆ ಕೊಡುವವರು ಅದರ ಬೆಲೆಯನ್ನೂ ತಿಳಿದಿರಬೇಕು. 3:2 ಅನುಪಾತದ ಚಿತ್ರವನ್ನು ಕೇವಲ 2 ಡಿಗ್ರಿ ತಿರುಗಿಸಿ ನೇರ ಮಾಡಿದರೂ, ಮೂಲೆಗಳನ್ನು ಕತ್ತರಿಸಿದ ಮೇಲೆ ಉದ್ದದಲ್ಲೂ ಅಗಲದಲ್ಲೂ ಸುಮಾರು ಶೇಕಡ 5ರಷ್ಟು ಹೋಗುತ್ತದೆ. ಅಜ್ಜಿಯ ಸೆರಗೋ ಅಜ್ಜನ ಚಪ್ಪಲಿಯೋ ಅಂಚಿಗೆ ತಾಗಿಕೊಂಡಿದ್ದರೆ, ನೇರ ಮಾಡುವುದರಿಂದ ಅದು ಕತ್ತರಿಸಿಹೋದೀತು. ಇದನ್ನು ಲೆಕ್ಕ ಹಾಕಿ ಹೇಳುವ ಗೆಳೆಯರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ.

ಇನ್ನೊಂದು ಮಾತು. ಗುಂಪಿನಲ್ಲಿ ಚಿತ್ರ ಹಾಕಿದವರೆಲ್ಲರೂ ವಿಮರ್ಶೆ ಕೇಳಿದ್ದಾರೆಂದು ಭಾವಿಸಬಾರದು. ಕೆಲವರು ಸಂತೋಷ ಹಂಚಿಕೊಳ್ಳುತ್ತಾರೆ, ಅಷ್ಟೆ. ಅಭಿಪ್ರಾಯ ಬೇಕಾದವರು ಚಿತ್ರದ ಜೊತೆಗೆ ಒಂದು ಪ್ರಶ್ನೆ ಬರೆಯಲಿ ಎಂದು ನಿಮ್ಮ ಗುಂಪಿನಲ್ಲಿ ಒಪ್ಪಂದ ಮಾಡಿಕೊಳ್ಳಿ. ಹಾಗೆಯೇ, ವಾಟ್ಸಾಪ್ ಚಿತ್ರಗಳನ್ನು ಕುಗ್ಗಿಸಿ ಕಳುಹಿಸುತ್ತದೆ. ಅಲ್ಲಿ ನೋಡಿ ‘ಶಾರ್ಪ್ ಇಲ್ಲ’, ‘ನಾಯ್ಸ್ ಬಂದಿದೆ’ ಎನ್ನುವುದು ನ್ಯಾಯವಲ್ಲ. ಅಂತಹ ವಿಷಯ ಚರ್ಚೆಯಾಗಬೇಕಿದ್ದರೆ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿ, ಮೂಲ ಫೈಲ್ ಹಾಗೆಯೇ ತಲುಪುತ್ತದೆ. ಇನ್ನು ಆ ಗೆಳೆಯರಿಗೆ ಗುಂಪಿನಲ್ಲಿ ಬರೆಯದೆ ನೇರವಾಗಿ ಫೋನ್ ಮಾಡಿ, ಆ ಚಿತ್ರದಲ್ಲಿ ನಿಮಗೆ ನಿಜವಾಗಿ ಹಿಡಿಸಿದ ಯಾವುದಾದರೂ ಅಂಶದ ಬಗ್ಗೆ ಮಾತನಾಡಿ.

ಪ್ರಶ್ನೆ: ನಾನು ಪುಣೆಯಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ಆಷಾಢ ಏಕಾದಶಿಗಾಗಿ ಪಂಢರಪುರಕ್ಕೆ ಹೊರಟು ಊರಿಗೆ ಬಂದ ಪಾಲಖಿಗಳ (ಸಂತರ ಪಾದುಕೆಗಳ ಪಲ್ಲಕ್ಕಿಗಳ) ಚಿತ್ರಗಳನ್ನು ತೆಗೆದು, ಮೊಬೈಲ್‌ನಲ್ಲೇ ಎಡಿಟ್ ಮಾಡಿ, ನಮ್ಮ ಸಂಘದ ಹಿರಿಯರಿಗೆ ತೋರಿಸಿದೆ. ‘ಎಡಿಟಿಂಗ್ ಅತಿಯಾಯಿತಮ್ಮ’ ಎಂದಷ್ಟೇ ಹೇಳಿ ಫೋನ್ ಹಿಂದಿರುಗಿಸಿದರು. ಅತಿ ಎಂದರೆ ಎಲ್ಲಿ, ಎಷ್ಟು? ಎಡಿಟ್ ಮಾಡುವುದೇ ಸುಳ್ಳು ಎಂದು ಅವರ ಅಭಿಪ್ರಾಯವೇ?
— ಪುಣೆಯ ಓದುಗಿ

ಉತ್ತರ: ನೀವು ಕಳುಹಿಸಿದ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಆ ಹಿರಿಯರಿಗೆ ಕಂಡದ್ದು ನನಗೂ ಕಂಡಿತು. ಅವರು ಬೆರಳಿಟ್ಟು ತೋರಿಸಿದ್ದರೆ ನಿಮಗೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ, ಆದ್ದರಿಂದ ಆ ಕೆಲಸವನ್ನು ನಾನು ಮಾಡುತ್ತೇನೆ.

ಮೊದಲು ಭಗವಾ ಪತಾಕೆಯನ್ನು ನೋಡಿ. ಮೋಡ ಕವಿದ ಬೆಳಕಿನಲ್ಲಿ ಗಾಳಿಗೆ ಮಡಿಕೆ ಬಿದ್ದ ಬಟ್ಟೆಯದು, ಆದರೆ ನಿಮ್ಮ ಚಿತ್ರದಲ್ಲಿ ಅದು ಕಾಗದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗಿದೆ. ಇದಕ್ಕೆ ಕಾರಣವಿದೆ. ಜೆಪೆಗ್ ಚಿತ್ರದ ಪ್ರತಿ ಬಿಂದುವಿನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳಿಗೆ 0ರಿಂದ 255ರವರೆಗಿನ ಅಂಕಿಗಳಿರುತ್ತವೆ. ಕೇಸರಿಯಲ್ಲಿ ಕೆಂಪು ಮೊದಲೇ ಮೇಲಿರುತ್ತದೆ, ನೀಲಿ ಕೆಳಗಿರುತ್ತದೆ. ‘ಸ್ಯಾಚುರೇಶನ್’ (ಬಣ್ಣಗಳ ಗಾಢತೆ) ಹೆಚ್ಚಿಸುತ್ತ ಹೋದರೆ ಮಡಿಕೆಯ ಉಬ್ಬಿನಲ್ಲೂ ತಗ್ಗಿನಲ್ಲೂ ಕೆಂಪು 255ಕ್ಕೆ ಮುಟ್ಟಿ ನಿಲ್ಲುತ್ತದೆ, ನೀಲಿ 0ಗೆ ಇಳಿಯುತ್ತದೆ. ಉಬ್ಬಿಗೂ ತಗ್ಗಿಗೂ ಇದ್ದ ವ್ಯತ್ಯಾಸ ಬಹುಪಾಲು ಅಳಿಸಿಹೋಗುತ್ತದೆ, ಆದ್ದರಿಂದ ಬಟ್ಟೆ ಬಟ್ಟೆಯಾಗಿ ಕಾಣುವುದಿಲ್ಲ. ಅದರ ಬದಲು ‘ವೈಬ್ರೆನ್ಸ್’ ಬಳಸಿ ನೋಡಿ. ಅದು ಈಗಾಗಲೇ ಗಾಢವಾಗಿರುವ ಬಣ್ಣಗಳನ್ನೂ ಚರ್ಮದ ಬಣ್ಣವನ್ನೂ ಅಷ್ಟಾಗಿ ಮುಟ್ಟುವುದಿಲ್ಲ. ನಿಮ್ಮ ಆ್ಯಪ್‌ನಲ್ಲಿ ಬಣ್ಣಗಳನ್ನು ಬೇರೆ ಬೇರೆಯಾಗಿ ತಿದ್ದಲು ಸಾಧ್ಯವಿದ್ದರೆ, ಕಿತ್ತಳೆ ಬಣ್ಣವೊಂದನ್ನೇ ತುಸು ತಗ್ಗಿಸಿ. ಮಡಿಕೆಗಳು ಹಿಂದಿರುಗುತ್ತವೆ.

ಎರಡನೆಯದು, ತಲೆಯ ಮೇಲೆ ತುಳಸಿ ವೃಂದಾವನ ಹೊತ್ತ ಆ ತಾಯಿಯ ಮುಖ. ‘ಕ್ಲಾರಿಟಿ’ ಅಥವಾ ‘ಸ್ಟ್ರಕ್ಚರ್’ ಎಂಬ ಹತೋಟಿ, ನಡುಬೆಳಕಿನ ಭಾಗಗಳಲ್ಲಿ ಅಕ್ಕಪಕ್ಕದ ಬೆಳಕು-ನೆರಳುಗಳ ಅಂತರವನ್ನು ಹಿಗ್ಗಿಸುತ್ತದೆ. ಕಲ್ಲಿನ ಗೋಡೆಗೆ ಅದು ಒಪ್ಪಬಹುದು. ಮುಖದ ಮೇಲೆ ಅದು ಸುಕ್ಕುಗಳನ್ನು ಕಪ್ಪು ಗೀರುಗಳಾಗಿ ಮಾಡುತ್ತದೆ, ಬೆವರನ್ನು ಎಣ್ಣೆಯಂತೆ ಕಾಣಿಸುತ್ತದೆ. ಆಳಂದಿಯಿಂದಲೋ ದೇಹುವಿನಿಂದಲೋ ನಡೆದು ಬಂದ ವಾರಕರಿಯ (ಪಂಢರಪುರ ಯಾತ್ರಿಕರ) ಮುಖದಲ್ಲಿ ದಣಿವೂ ಇರುತ್ತದೆ, ಉಲ್ಲಾಸವೂ ಇರುತ್ತದೆ. ನಿಮ್ಮ ಚಿತ್ರದಲ್ಲಿ ದಣಿವು ಮಾತ್ರ ಉಳಿದು, ಅದೂ ಕಠೋರವಾಗಿದೆ. ನನಗೆ ಈ ಚಿತ್ರದಲ್ಲಿ ನಿಜವಾಗಿ ನೋವಾದದ್ದು ಇದೊಂದೇ ಅಂಶ, ಏಕೆಂದರೆ ನೀವು ಸರಿಯಾದ ಕ್ಷಣವನ್ನು ಹಿಡಿದಿದ್ದೀರಿ: ಅವರ ತುಟಿ ಹಾಡಿನ ನಡುವೆ ತೆರೆದಿದೆ, ಕಣ್ಣು ಮುಂದಿನ ದಿಂಡಿಯ (ಯಾತ್ರಿಕರ ತಂಡದ) ಕಡೆಗಿದೆ. ಬಿಳಿ ಟೋಪಿಗಳ ಸುತ್ತ ಆಕಾಶಕ್ಕೆ ಅಂಟಿಕೊಂಡಂತೆ ಕಾಣುವ ತೆಳುವಾದ ಬೆಳಕಿನ ಅಂಚು ಕೂಡ ಅದೇ ಹತೋಟಿಯ ಫಲ.

‘ಎಷ್ಟು’ ಎಂಬುದಕ್ಕೆ ಅಂಕಿ ಕೊಡಲಾಗದು. ಎಡಿಟ್ ಮುಗಿಸಿ ಫೋನ್ ಕೆಳಗಿಡಿ, ಮರುದಿನ ಮೂಲಚಿತ್ರವನ್ನೂ ತಿದ್ದಿದ ಚಿತ್ರವನ್ನೂ ಒಂದಾದ ಮೇಲೊಂದು ನೋಡಿ. ಕಣ್ಣು ಬಲುಬೇಗ ಗಾಢ ಬಣ್ಣಕ್ಕೆ ಒಗ್ಗಿಕೊಳ್ಳುತ್ತದೆ, ಹೀಗಾಗಿ ರಾತ್ರಿ ಸರಿಯೆನಿಸಿದ್ದು ಬೆಳಗ್ಗೆ ಅತಿಯೆನಿಸುವುದು ಸಾಮಾನ್ಯ. ಫೋನಿನ ಪರದೆ ‘ವಿವಿಡ್’ ಸ್ಥಿತಿಯಲ್ಲಿದ್ದರೆ ಅದನ್ನು ‘ನ್ಯಾಚುರಲ್’ಗೆ ಬದಲಿಸಿಕೊಂಡೇ ಕೆಲಸ ಮಾಡಿ.

ಎಡಿಟಿಂಗ್ ಸುಳ್ಳಲ್ಲ. 1941ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆ್ಯಡಮ್ಸ್ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ ದೃಶ್ಯವನ್ನು ತೆಗೆದರು. ಆ ಒಂದೇ ನೆಗೆಟಿವ್‌ನಿಂದ ಮುಂದಿನ ದಶಕಗಳಲ್ಲಿ ಅವರು ಮುದ್ರಿಸಿದ ಪ್ರತಿಗಳಲ್ಲಿ ಆಕಾಶ ಹೆಚ್ಚು ಹೆಚ್ಚು ಕಪ್ಪಾಗುತ್ತ ಹೋಯಿತು. ಕತ್ತಲೆ ಕೋಣೆಯಲ್ಲಿ ಮಾಡುತ್ತಿದ್ದುದನ್ನೇ ನಾವು ಈಗ ಬೆರಳ ತುದಿಯಲ್ಲಿ ಮಾಡುತ್ತೇವೆ. ಆ ಹಿರಿಯರ ಬಳಿ ಮತ್ತೊಮ್ಮೆ ಹೋಗಿ, ‘ಯಾವ ಭಾಗದಲ್ಲಿ ಅತಿಯೆನಿಸಿತು, ತೋರಿಸುತ್ತೀರಾ?’ ಎಂದು ಕೇಳಿ. ಒಂದೇ ಮಾತಿನಲ್ಲಿ ಮುಗಿಸಿದವರು ಕೂಡ, ಹಾಗೆ ಕೇಳಿದಾಗ ಸಾಮಾನ್ಯವಾಗಿ ಕುಳಿತು ತೋರಿಸುತ್ತಾರೆ.

ಪ್ರಶ್ನೆ: ಪಣಜಿಯ ಚರ್ಚಿನ ಬಿಳಿ ಮುಖಮಂಟಪವನ್ನು ಮೆಟ್ಟಿಲುಗಳ ಕೆಳಗಿನಿಂದ ತೆಗೆದೆ. ಒಬ್ಬ ಗೆಳೆಯ ಚಿತ್ರ ಮಂಕಾಗಿದೆ, ಬೆಳಕು ಹೆಚ್ಚಿಸು ಎನ್ನುತ್ತಾನೆ. ಇನ್ನೊಬ್ಬ ಈಗಲೇ ಬೆಳಕು ಹೆಚ್ಚಾಗಿದೆ ಎನ್ನುತ್ತಾನೆ. ನನ್ನ ಹೆಂಡತಿ, ಮೆಟ್ಟಿಲುಗಳನ್ನು ಅರ್ಧಕ್ಕೆ ಕತ್ತರಿಸಬಾರದಿತ್ತು ಎನ್ನುತ್ತಾಳೆ. ಯಾರ ಮಾತು ಕೇಳಲಿ?
— ವಾಸ್ಕೋದ ಓದುಗರು

ಉತ್ತರ: ಮೊದಲ ಇಬ್ಬರೂ ಬೇರೆ ಬೇರೆ ಭಾಗಗಳನ್ನು ನೋಡಿರುವ ಸಂಭವವಿದೆ. ಕ್ಯಾಮೆರಾದ ಬೆಳಕಿನ ಮಾಪಕ ತನ್ನೆದುರಿನ ದೃಶ್ಯವನ್ನು ಸರಾಸರಿ ಬೂದುಬಣ್ಣಕ್ಕೆ ತರಲು ಯತ್ನಿಸುತ್ತದೆ. ಚೌಕಟ್ಟು ತುಂಬ ಬಿಳಿ ಗೋಡೆಯೇ ಇದ್ದರೆ ಆ ಬಿಳಿಯೂ ಬೂದಾಗುತ್ತದೆ. ಅಂತಹ ಕಡೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮಾಪಕ ಆರಿಸಿದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಹತೋಟಿ) +1ರ ಸುತ್ತಮುತ್ತ ಇಡುವುದು ವಾಡಿಕೆ. ಆದರೆ ಹಿಂದಿನ ಮೋಡ ಆಗಲೇ ಪೂರ್ತಿ ಬೆಳ್ಳಗಾಗಿದ್ದರೆ ಎರಡನೆಯವರ ಮಾತೂ ಸರಿ. ಇದು ಅಭಿರುಚಿಯ ವಿಷಯವಲ್ಲವಾದ್ದರಿಂದ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ತೆರೆದು ನೋಡಿ. ಬಲತುದಿಗೆ, ಅಂದರೆ ಅತಿ ಬೆಳಕಿನ ಕಡೆಗೆ, ಅಂಟಿಕೊಂಡ ಗುಡ್ಡೆ ಕಂಡರೆ ಅಲ್ಲಿನ ವಿವರ ಕಳೆದುಹೋಗಿದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಇದ್ದರೆ ಕೊಂಚ ಮರಳಿ ಪಡೆಯಬಹುದು, ಜೆಪೆಗ್‌ನಲ್ಲಿ ಅಷ್ಟೂ ಸಾಧ್ಯವಿಲ್ಲ.

ನಿಮ್ಮ ಶ್ರೀಮತಿಯವರ ಮಾತು ಬೇರೆ ಜಾತಿಯದು, ಅದನ್ನು ಯಾವ ಮಾಪಕವೂ ನಿರ್ಧರಿಸದು. ಆದರೂ ಮೂವರಲ್ಲಿ ಅವರ ಮಾತಿಗೇ ನಾನು ಹೆಚ್ಚು ತೂಕ ಕೊಡುತ್ತೇನೆ. ಆ ಕಟ್ಟಡವನ್ನು ನೋಡುವವರ ಕಣ್ಣು ಎಡಕ್ಕೂ ಬಲಕ್ಕೂ ತಿರುಗುತ್ತ ಏರುವ ಮೆಟ್ಟಿಲುಗಳ ಮೇಲೆಯೇ ಹತ್ತಿಕೊಂಡು ಹೋಗುತ್ತದೆ, ಆ ದಾರಿಯನ್ನು ನಡುವೆಯೇ ತುಂಡರಿಸಿದಾಗ ಗೋಡೆ ನೆಲವಿಲ್ಲದೆ ನಿಂತಂತಾಗುತ್ತದೆ. ತಾಂತ್ರಿಕ ಪದಗಳಿಲ್ಲದೆ ಮಾತನಾಡುವ ಮನೆಯವರನ್ನು ಹವ್ಯಾಸಿಗಳು ಬದಿಗೆ ಸರಿಸುವುದನ್ನು ಬಹಳ ಕಂಡಿದ್ದೇನೆ. ಎಲ್ಲಿ ಎಡವಿದೆ ಎಂಬುದನ್ನು ಅವರು ಚೆನ್ನಾಗಿ ಹೇಳುತ್ತಾರೆ, ಏಕೆ ಎಡವಿತು ಎಂಬುದನ್ನು ಹುಡುಕುವುದು ನಿಮ್ಮ ಕೆಲಸ.

ಪ್ರಶ್ನೆ: ಐರೋಳಿಯಿಂದ ದೋಣಿಯಲ್ಲಿ ಹೋಗಿ ಥಾಣೆ ಖಾಡಿಯ (ಸಮುದ್ರದ ಕೊಲ್ಲಿಯ) ಫ್ಲೆಮಿಂಗೊಗಳ ಚಿತ್ರ ತೆಗೆದೆ. ನೀರಿನಲ್ಲಿ ತೇಲುತ್ತಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಅಳಿಸಿ, ಹಕ್ಕಿಗಳ ಗುಲಾಬಿ ಬಣ್ಣವನ್ನು ಸ್ವಲ್ಪ ಹೆಚ್ಚಿಸಿ ತೋರಿಸಿದಾಗ, ಹಕ್ಕಿ ವೀಕ್ಷಣೆಯ ಗೆಳೆಯರೊಬ್ಬರು ‘ಇದು ಮೋಸ’ ಎಂದುಬಿಟ್ಟರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.
— ಥಾಣೆಯ ಓದುಗರು

ಉತ್ತರ: ಆ ಪದ ಕಟುವಾದದ್ದು, ಗೆಳೆಯರ ನಡುವೆ ಬರಬಾರದಿತ್ತು. ಆದರೆ ಪದವನ್ನು ಬದಿಗಿಟ್ಟು ವಿಷಯವನ್ನು ನೋಡಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಅದರೊಳಗೆ ನಿಮಗೆ ಉಪಯುಕ್ತವಾದದ್ದಿದೆ.

ಆ ಖಾಡಿಗೆ ಎರಡು ಬಗೆಯ ಫ್ಲೆಮಿಂಗೊಗಳು ಬರುತ್ತವೆ. ದೊಡ್ಡ ಫ್ಲೆಮಿಂಗೊ ಬಿಳಿಗೆ ಸಮೀಪದ ತೆಳುಗುಲಾಬಿ, ಅದರ ಕೊಕ್ಕು ಗುಲಾಬಿಯಾಗಿದ್ದು ತುದಿ ಕಪ್ಪು. ಕಿರು ಫ್ಲೆಮಿಂಗೊ ಗಾತ್ರದಲ್ಲಿ ಚಿಕ್ಕದು, ಬಣ್ಣದಲ್ಲಿ ಹೆಚ್ಚು ಗಾಢ, ಕೊಕ್ಕು ಕಡುಗೆಂಪು. ಮರಿಹಕ್ಕಿಗಳು ಬೂದು-ಕಂದು. ತಿನ್ನುವ ಪಾಚಿ ಮತ್ತು ಸಣ್ಣ ಜೀವಿಗಳಲ್ಲಿರುವ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳಿಂದ ಅವುಗಳಿಗೆ ಗುಲಾಬಿ ಬರುತ್ತದೆ. ನೀವು ಇಡೀ ಹಿಂಡಿಗೆ ಒಂದೇ ಸಮನೆ ಗುಲಾಬಿ ಏರಿಸಿದಾಗ ದೊಡ್ಡದು ಕಿರಿದರಂತೆ, ಎಳೆಯದು ಬಲಿತದ್ದರಂತೆ ಕಾಣತೊಡಗುತ್ತದೆ. ಹಕ್ಕಿ ನೋಡುವವರು ಬಣ್ಣವನ್ನು ಗುರುತಾಗಿ ಓದುತ್ತಾರೆ, ಆದ್ದರಿಂದ ಅವರಿಗೆ ಅದು ಅಂದದ ಪ್ರಶ್ನೆಯಾಗಿ ಕಾಣುವುದಿಲ್ಲ. ನಿಮ್ಮ ಗೆಳೆಯರು ಇಷ್ಟನ್ನು ಬಿಡಿಸಿ ಹೇಳಿದ್ದರೆ ನೀವು ಅವರಿಗೆ ಧನ್ಯವಾದ ಹೇಳುತ್ತಿದ್ದಿರಿ.

ಬಾಟಲಿಯ ವಿಷಯ: ಅಂತರರಾಷ್ಟ್ರೀಯ ಸಲೋನ್ (ಛಾಯಾಚಿತ್ರ ಪ್ರದರ್ಶನ) ಸ್ಪರ್ಧೆಗಳ ‘ನೇಚರ್’ ವಿಭಾಗದಲ್ಲಿ ಚಿತ್ರದಿಂದ ಏನನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ, ಸ್ಥಳ ಬದಲಿಸುವಂತಿಲ್ಲ. ಏನನ್ನಾದರೂ ಹೊರಗಿಡಬೇಕಾದರೆ ಅಂಚು ಕತ್ತರಿಸುವುದಕ್ಕೆ ಮಾತ್ರ ಅವಕಾಶವಿದೆ. ಮನೆಯ ಗೋಡೆಗೆ ಹಾಕುವ ಚಿತ್ರಕ್ಕೆ ಈ ನಿಯಮವಿಲ್ಲ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಆ ಬಾಟಲಿಯನ್ನು ಉಳಿಸಿ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿತವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗದಲ್ಲಿ, ಎರಡು ಮಹಾನಗರಗಳ ಕಸದ ನಡುವೆಯೇ ಆ ಹಕ್ಕಿಗಳು ಮೇಯುತ್ತಿವೆ. ಅದನ್ನು ತೋರಿಸುವ ಚಿತ್ರ ನಿಮ್ಮ ಬಳಿ ಈಗಾಗಲೇ ಇದೆ. ಅಳಿಸಿದ ಪ್ರತಿಯನ್ನು ಯಾರಿಗಾದರೂ ತೋರಿಸುವಾಗ, ಅಳಿಸಿದ್ದೀರೆಂದು ಅಡಿಬರಹದಲ್ಲಿ ಒಂದು ಸಾಲು ಬರೆಯಿರಿ.

ಪ್ರಶ್ನೆ: ಪರಿಚಯವಿಲ್ಲದ ಹಿರಿಯ ಛಾಯಾಗ್ರಾಹಕರಿಂದ ಅಭಿಪ್ರಾಯ ಕೇಳಲು ಸಂಕೋಚ. ಹೇಗೆ ಕೇಳಬೇಕು?
— ಮಾಟುಂಗಾದ ಓದುಗರು

ಉತ್ತರ: ಸಂಕೋಚ ಬೇಡ. ಮುಂಬಯಿಯಲ್ಲಿ 1854ರಷ್ಟು ಹಿಂದೆಯೇ ಫೋಟೋಗ್ರಾಫಿಕ್ ಸೊಸೈಟಿ ಆಫ್ ಬಾಂಬೆ ಹುಟ್ಟಿಕೊಂಡಿತ್ತು, 1937ರಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಆಫ್ ಇಂಡಿಯಾ ಇದೇ ಊರಿನಲ್ಲಿ ಆರಂಭವಾಯಿತು. ಚಿತ್ರ ತೋರಿಸಿ ಮಾತು ಕೇಳುವುದು ಇಲ್ಲಿನ ಹಳೆಯ ರೂಢಿ. ನಲವತ್ತು ಚಿತ್ರಗಳ ಆಲ್ಬಮ್ ಕಳುಹಿಸಬೇಡಿ, ಎರಡೋ ಮೂರೋ ಸಾಕು. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು, ‘ದಾದರ್ ಹೂವಿನ ಮಾರುಕಟ್ಟೆಯ ಈ ಚಿತ್ರದಲ್ಲಿ ಮಾರುವವಳ ಮುಖ ಮೊದಲು ಕಾಣಬೇಕೆಂದಿದ್ದೆ, ನಿಮಗೆ ಮೊದಲು ಕಂಡದ್ದೇನು?’ ಎಂದು ಕೇಳಿ.

ಅವರು ಮಾತನಾಡುವಾಗ ನಡುವೆ ಬಾಯಿ ಹಾಕಿ, ಅಲ್ಲಿ ಜಾಗವಿರಲಿಲ್ಲ, ಜನ ತಳ್ಳುತ್ತಿದ್ದರು, ಬೆಳಕು ಕಡಿಮೆಯಿತ್ತು ಎಂದು ವಿವರಿಸಬೇಡಿ. ಅವೆಲ್ಲ ನಿಜವಿದ್ದರೂ ಚಿತ್ರ ನೋಡುವವರಿಗೆ ಅವು ಕಾಣುವುದಿಲ್ಲ. ಬರೆದುಕೊಳ್ಳಿ. ಹೇಳಿದ್ದನ್ನೆಲ್ಲ ಪಾಲಿಸಬೇಕೆಂದೂ ಇಲ್ಲ. ಬೇರೆ ಬೇರೆ ಜನ ಚಿತ್ರದ ಒಂದೇ ಮೂಲೆಯಲ್ಲಿ ತಡೆದು ನಿಂತರೆ, ಅವರು ಸೂಚಿಸಿದ ಪರಿಹಾರಗಳು ಬೇರೆಯಾಗಿದ್ದರೂ, ಆ ಮೂಲೆಯಲ್ಲಿ ಏನೋ ಇದೆ ಎಂದು ತಿಳಿಯಿರಿ. ಹದಿನೈದು ದಿನಗಳ ನಂತರ ತಿದ್ದಿದ ಚಿತ್ರವನ್ನು ಅವರಿಗೆ ಮತ್ತೆ ಕಳುಹಿಸಿ. ಹಾಗೆ ಕಳುಹಿಸುವವರು ಬಹಳ ಕಡಿಮೆ, ಹಿರಿಯರಿಗೆ ಅದಕ್ಕಿಂತ ಸಂತೋಷ ಕೊಡುವುದು ಇನ್ನೊಂದಿಲ್ಲ.

ಪ್ರಶ್ನೆ: ಹನ್ನೆರಡು ವರ್ಷದ ಮಗಳು ನನ್ನ ಹಳೆಯ ಫೋನಿನಲ್ಲಿ ಸದಾ ಚಿತ್ರ ತೆಗೆಯುತ್ತಾಳೆ. ‘ಅಪ್ಪಾ, ನೋಡಿ ಹೇಳಿ’ ಎನ್ನುತ್ತಾಳೆ. ತಪ್ಪು ತೋರಿಸಿದರೆ ಮುಖ ಸಣ್ಣದಾಗುತ್ತದೆ, ಬರೀ ಹೊಗಳಿದರೆ ನಂಬುವುದಿಲ್ಲ.
— ಮುಲುಂಡ್‌ನ ಓದುಗರು

ಉತ್ತರ: ಅವಳು ನಂಬದಿರುವುದು ಒಳ್ಳೆಯ ಲಕ್ಷಣ. ಈ ವಯಸ್ಸಿಗೆ ತಪ್ಪುಗಳ ಪಟ್ಟಿ ಬೇಡ. ವಾರಕ್ಕೊಮ್ಮೆ ಜೊತೆಗೆ ಕುಳಿತು, ಅವಳ ಚಿತ್ರಗಳಲ್ಲಿ ಅವಳೇ ಐದನ್ನು ಆರಿಸಲಿ, ಆರಿಸಿದ್ದೇಕೆಂದು ಹೇಳಲಿ. ನೀವು ಕೇಳಿಸಿಕೊಳ್ಳಿ, ನಿಮಗೆ ಕಂಡದ್ದನ್ನು ಹೇಳಿ. ಬಿಟ್ಟ ಚಿತ್ರಗಳನ್ನು ಏಕೆ ಬಿಟ್ಟಳೆಂದು ವಿವರಿಸುವಾಗ, ‘ಇಲ್ಲಿ ಅಜ್ಜನ ತಲೆಯ ಹಿಂದಿನಿಂದ ಕಂಬ ಮೊಳೆತಂತಿದೆ’ ಎಂದು ಅವಳೇ ಹೇಳುತ್ತಾಳೆ, ನೀವು ತೋರಿಸಬೇಕಾಗುವುದಿಲ್ಲ.

ಒಳ್ಳೆಯ ಚಿತ್ರಗಳನ್ನೂ ಇದೇ ರೀತಿ ನೋಡಲು ಕಲಿಸಿ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳಿಂದ ಆರಂಭಿಸಬಹುದು. ಯುನಿಸೆಫ್‌ಗಾಗಿಯೂ ಕೆಲಸ ಮಾಡಿದ ಅವರು ಮಕ್ಕಳನ್ನು ಬಹಳ ಪ್ರೀತಿಯಿಂದ ಚಿತ್ರಿಸಿದರು. ಒಂದು ಚಿತ್ರ ತೆರೆದಿಟ್ಟು, ಮೊದಲು ಏನು ಕಂಡಿತು, ಆಮೇಲೆ ಕಣ್ಣು ಎಲ್ಲಿಗೆ ಹೋಯಿತು ಎಂದು ಇಬ್ಬರೂ ಹೇಳಿಕೊಳ್ಳಿ. ನಂತರ ನೀವು ತೆಗೆದ ಒಂದು ಚಿತ್ರವನ್ನೂ ಅವಳ ಮುಂದಿಟ್ಟು, ಅದೇ ಪ್ರಶ್ನೆ ಕೇಳಿ, ಅವಳು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ.